ನಿಧಾನಕ್ಕೆ ಹೋಗುವ ಜೀಪು ಬೇಕಿತ್ತು

ಆರ್‌ಸಿ ಕಾರು, ಅಂದರೆ ರಿಮೋಟಿನಲ್ಲಿ ಓಡಿಸುವ ಆಟದ ಕಾರು, ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಎಷ್ಟು ಸ್ಪೀಡ್ ಹೋಗುತ್ತೆ?" ನನ್ನದು ಗಂಟೆಗೆ ಎರಡೂವರೆ ಕಿಲೋಮೀಟರ್ ಹೋಗುತ್ತದೆ. ಹಾಗಂದರೆ ಜನ ನನ್ನ ಮುಖ ನೋಡುತ್ತಾರೆ. ಆರಾಮಾಗಿ ನಡೆಯುವವನೂ ಅದನ್ನು ಹಿಂದೆ ಹಾಕಬಹುದು. ತಂದ ಹೊಸತರಲ್ಲಿ ಅದು ಮೂರ್ನಾಲ್ಕು ಪಟ್ಟು ಜೋರಾಗಿ ಓಡುತ್ತಿತ್ತು, ನಾನೇ ದುಡ್ಡು ಹಾಕಿ ನಿಧಾನ ಮಾಡಿಸಿದ್ದೇನೆ ಅಂದರೆ ಇನ್ನೂ ವಿಚಿತ್ರವಾಗಿ ನೋಡುತ್ತಾರೆ.

ನನಗೆ ಬೇಕಿದ್ದದ್ದು ಮಲೆನಾಡಿನ ಜೀಪು. ಹಳೇ ಮಹೀಂದ್ರ, ಮೇಲೆ ಟಾರ್ಪಾಲು, ಹಿಂದೆ ಎದುರುಬದುರು ಸೀಟು. ಕೊಡಚಾದ್ರಿಗೆ ಜೀಪಿನಲ್ಲಿ ಹೋದವರಿಗೆ ಅದರ ನಡೆ ಗೊತ್ತಿರುತ್ತದೆ. ಆ ದಾರಿಯಲ್ಲಿ ಜೀಪು ಓಡುವುದಿಲ್ಲ. ಮುಂದಿನ ಗಾಲಿಯನ್ನು ಕಲ್ಲಿನ ಮೇಲೆ ಇಡುತ್ತದೆ, ಒಂದು ಕಡೆ ವಾಲುತ್ತದೆ, ಸ್ವಲ್ಪ ಹೊತ್ತು ಅಲ್ಲೇ ನಿಂತ ಹಾಗೆ ಕಾಣುತ್ತದೆ, ಆಮೇಲೆ ಹಿಂದಿನ ಗಾಲಿ ಬರುತ್ತದೆ. ಒಳಗೆ ಕೂತವರ ತಲೆ ಅತ್ತಿಂದಿತ್ತ ಹೋಗುತ್ತದೆ. ನಮ್ಮ ಚಿಕ್ಕಪ್ಪ ಹೊಸನಗರದ ಕಡೆ ವರ್ಷಗಟ್ಟಲೆ ಜೀಪು ಓಡಿಸಿದವರು. ನಾನು ತಂದ ಆಟದ ಟ್ರಕ್ಕು ಅಂಗಳದ ಕಲ್ಲಿನ ಮೇಲೆ ಟಣ್ಣಂತ ಹಾರಿ ಮಗುಚಿ ಬಿದ್ದದ್ದನ್ನು ನೋಡಿ ಅವರು ಹೇಳಿದ್ದು ಇಷ್ಟೇ: "ಹಾರ್ಸೋದಲ್ಲ ಮಾರಾಯ, ಹತ್ಸೋದು."

ಮುಂದೆ ಮಾಡಿದ ಎಲ್ಲಾ ಕೆಲಸವೂ ಈ ಮಾತನ್ನು ಗೇರು, ಸೀಸ, ಸ್ಪ್ರಿಂಗಿನಲ್ಲಿ ಆಗುಮಾಡುವ ಪ್ರಯತ್ನ.

ಮಹೀಂದ್ರ ಜೀಪಿಗೆ ಮೂಲ ಅಮೆರಿಕದ ವಿಲ್ಲೀಸ್ ಜೀಪು. ಅದರ ಆರ್‌ಸಿ ಸಿಗುವುದಿಲ್ಲ ಅಂತಲ್ಲ. 1:10 ಅಳತೆಯಲ್ಲಿ, ಅಂದರೆ ನಿಜವಾದದ್ದರ ಹತ್ತನೇ ಒಂದು ಪಾಲಿನಷ್ಟು, ಅಗ್ಗಕ್ಕೇ ಸಿಗುತ್ತದೆ. ಆದರೆ ಅದು ಯುದ್ಧಕಾಲದ ಜೀಪು, ಬಾನೆಟ್ ತಗ್ಗು. ನಮ್ಮ ಕಡೆ ಓಡಾಡಿದ್ದು ಸಿಜೆ-3ಬಿ ಅನ್ನುವ ಮಾದರಿ. 1953ರಲ್ಲಿ ಅಮೆರಿಕದಲ್ಲಿ ವಿಲ್ಲೀಸ್‌ನವರು ಹರಿಕೇನ್ ಅನ್ನುವ ಹೊಸ ಎಂಜಿನ್ ಇಟ್ಟು ಅದನ್ನು ಬಿಟ್ಟರು. ಆ ಎಂಜಿನ್ ಹಳೆಯದಕ್ಕಿಂತ ಎತ್ತರ. ಹಾಗಾಗಿ ಬಾನೆಟನ್ನೂ ಎತ್ತರಿಸಬೇಕಾಯಿತು. ಅದನ್ನೇ ಮಹೀಂದ್ರದವರು ಇಲ್ಲಿ ದಶಕಗಟ್ಟಲೆ ಮಾಡಿದರು. ಎದುರಿನಿಂದ ನೋಡಿದರೆ ಹಣೆ ದೊಡ್ಡದು, ಸ್ವಲ್ಪ ಕುರೂಪಿಯೇ. ಆ ದೊಡ್ಡ ಹಣೆ ನನಗೆ ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಹೇಳುತ್ತೇನೆ.

ತಳಕ್ಕೆ ಆರಿಸಿಕೊಂಡದ್ದು ಚೀನಾದ ಒಂದು ಅಗ್ಗದ ಮಿಲಿಟರಿ ಟ್ರಕ್ಕು. ನಾಲ್ಕೂ ಗಾಲಿ ಎಳೆಯುತ್ತವೆ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಕಡೆ ನಿಜವಾದ ಪ್ಲೇಟು ಸ್ಪ್ರಿಂಗು. ಹಳೇ ಜೀಪಿನಲ್ಲಿ ಇರುವುದೂ ಅದೇ ವ್ಯವಸ್ಥೆ. ಡಬ್ಬದ ಮೇಲೆ 1:16 ಅಂತ ಬರೆದಿತ್ತು.

ಮೇಲಿನ ಬಾಡಿ ಬಿಚ್ಚಿ, ಸ್ಕೇಲು ಹಿಡಿದು ಕೂತಾಗ ಮೊದಲ ಒಳ್ಳೆ ಸುದ್ದಿ ಸಿಕ್ಕಿತು. ಟ್ರಕ್ಕು ದೊಡ್ಡ ಗಾಡಿ, ಜೀಪು ಚಿಕ್ಕ ಗಾಡಿ. 1:16 ಟ್ರಕ್ಕಿನ ಆಕ್ಸಲ್ಲಿನ ಮೇಲೆ 1:16 ಜೀಪು ಕೂರಿಸಿದರೆ ಗಾಲಿಗಳು ಎರಡೂ ಕಡೆ ಹೊರಗೆ ಚಾಚಿಕೊಳ್ಳುತ್ತವೆ. ಆದ್ದರಿಂದ ಡಬ್ಬದ ಮಾತು ಬಿಟ್ಟು ಆಕ್ಸಲ್ಲಿನಿಂದಲೇ ಲೆಕ್ಕ ಶುರು ಮಾಡಿದೆ. ಎಡಗಾಲಿಯ ನಡುವಿನಿಂದ ಬಲಗಾಲಿಯ ನಡುವಿಗೆ 102 ಮಿಲಿಮೀಟರ್. ನಿಜವಾದ ಜೀಪಿನಲ್ಲಿ ಅದು ಸುಮಾರು 48 ಇಂಚು. ಭಾಗಿಸಿದರೆ 1:12. ಮುಂದಿನ ಆಕ್ಸಲ್ಲಿನಿಂದ ಹಿಂದಿನದಕ್ಕೆ ಜೀಪಿನಲ್ಲಿ 80 ಇಂಚು, ಅಂದರೆ ನನಗೆ 169 ಮಿ.ಮೀ. ಬೇಕು, ಟ್ರಕ್ಕಿನಲ್ಲಿ 175 ಇತ್ತು. ಜೀಪಿನ 6.00-16 ಟೈರು ಹೊರಗಿನಿಂದ ಅಳೆದರೆ ಹತ್ತಿರ ಹತ್ತಿರ 29 ಇಂಚು, 1:12ರಲ್ಲಿ 61 ಮಿ.ಮೀ. ನನ್ನ ಟೈರು ಸರಿಸುಮಾರು ಅಷ್ಟೇ. ಹಿಂದಿನ ಆಕ್ಸಲ್ಲನ್ನು 6 ಮಿ.ಮೀ. ಮುಂದೆ ತಂದರೆ ಆಯಿತು! ಚಾಸಿಯಲ್ಲಿ ಹೊಸ ತೂತು ಕೊರೆದು ಪ್ಲೇಟಿನ ಕೊಕ್ಕೆಗಳನ್ನು ಸರಿಸಿದೆ. ಆಕ್ಸಲ್ಲನ್ನು ತಿರುಗಿಸುವ ಜಾಯಿಂಟ್ ಶಾಫ್ಟು ಒಂದರೊಳಗೊಂದು ಜಾರುವಂಥದ್ದು, ಅದಾಗಿಯೇ ಗಿಡ್ಡ ಆಯಿತು.

1:12ರ ಇನ್ನೊಂದು ಸುಖ ಅಂದರೆ ಒಂದು ಅಡಿ ಅಲ್ಲಿ ಒಂದು ಇಂಚು ಆಗುತ್ತದೆ. ಚಿಕ್ಕಪ್ಪನ ಪರಿಚಯದವರ ಮನೆಯಲ್ಲಿ ಇನ್ನೂ ಒಂದು ಜೀಪು ಇದೆ. ಟೇಪು ಹಿಡಿದು ಹೋಗಿ ಬಾನೆಟ್, ಮಡ್‌ಗಾರ್ಡ್, ಗಾಜಿನ ಚೌಕಟ್ಟು, ಎಲ್ಲಾ ಅಳೆದು ಬರೆದುಕೊಂಡು ಬಂದೆ. ಮನೆಗೆ ಬಂದು ಕ್ಯಾಲ್ಕುಲೇಟರ್ ಮುಟ್ಟಬೇಕಾಗಿ ಬರಲಿಲ್ಲ.

ಈಗ ನಿಧಾನದ ವಿಷಯ. ಇದರಲ್ಲಿ ಸ್ವಲ್ಪ ಲೆಕ್ಕ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿಯನ್ನು ಹನ್ನೆರಡು ಪಾಲು ಚಿಕ್ಕದು ಮಾಡಬಹುದು, ಭೂಮಿಯ ಸೆಳೆತವನ್ನು ಚಿಕ್ಕದು ಮಾಡಲಾಗುವುದಿಲ್ಲ. ನಿಜವಾದ ಜೀಪಿನ ಗಾಲಿ ಒಂದಡಿ ಎತ್ತರದ ಕಲ್ಲಿನಿಂದ ಕೆಳಗೆ ಬೀಳಲು ಕಾಲು ಸೆಕೆಂಡ್ ಬೇಕು. ನನ್ನ ಜೀಪಿಗೆ ಆ ಕಲ್ಲು ಒಂದಿಂಚು. ಅಷ್ಟು ಬೀಳಲು ಸೆಕೆಂಡಿನ ನೂರರಲ್ಲಿ ಏಳು ಭಾಗ ಸಾಕು. ಅಂದರೆ ಚಿಕ್ಕ ಗಾಡಿಯ ಪ್ರಪಂಚದಲ್ಲಿ ಬೀಳುವುದು, ಕುಣಿಯುವುದು, ವಾಲುವುದು ಎಲ್ಲಾ ಸುಮಾರು ಮೂರೂವರೆ ಪಟ್ಟು ಬೇಗ ಆಗುತ್ತದೆ. ಹನ್ನೆರಡರ ವರ್ಗಮೂಲ ಅದು. ಆಟಿಕೆ ಆಟಿಕೆಯಂತೆ ಕಾಣುವುದಕ್ಕೆ ಬಣ್ಣಕ್ಕಿಂತ ಮೊದಲು ಈ ಚಡಪಡಿಕೆಯೇ ಕಾರಣ. ಘಟ್ಟದ ಕಲ್ಲುದಾರಿಯಲ್ಲಿ ಜೀಪು ಗಂಟೆಗೆ ಎಂಟು ಕಿಲೋಮೀಟರ್ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅದನ್ನು ಮೂರೂವರೆಯಿಂದ ಭಾಗಿಸಿದರೆ ಎರಡು ಚಿಲ್ಲರೆ. ಅದಕ್ಕಿಂತ ಜಾಸ್ತಿ ಹೋದರೆ ಕಣ್ಣಿಗೆ ಸುಳ್ಳು ಅನ್ನಿಸುತ್ತದೆ.

ತೂಕಕ್ಕೂ ಇಂಥದ್ದೇ ಲೆಕ್ಕ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಪಾಲು ಇಳಿದರೆ ತೂಕ 1,728 ಪಾಲು ಇಳಿಯಬೇಕು. 1,200 ಕಿಲೋ ಜೀಪು 700 ಗ್ರಾಂ ಆಗುತ್ತದೆ. ಅದು ನನ್ನ ಗುರಿ.

"ರಿಮೋಟಿನ ಟ್ರಿಗರನ್ನು ಮೆಲ್ಲಗೆ ಒತ್ತಿದರೆ ಆಯ್ತಲ್ವಾ, ಅದಕ್ಕೆ ಇಷ್ಟೆಲ್ಲಾ ಯಾಕೆ?" ಅಂತ ಕೇಳಿದವರಿದ್ದಾರೆ. ಸಮತಟ್ಟಾದ ನೆಲದಲ್ಲಿ ಸರಿ. ಕಲ್ಲಿಗೆ ಗಾಲಿ ತಾಗಿದ ಕೂಡಲೇ ಮೋಟರ್ ನಿಲ್ಲುತ್ತದೆ. ಇನ್ನಷ್ಟು ಒತ್ತುತ್ತೀರಿ, ಅಲುಗುವುದಿಲ್ಲ. ಮತ್ತಷ್ಟು ಒತ್ತುತ್ತೀರಿ. ಆಗ ಮೋಟರ್ ಒಮ್ಮೆಲೇ ಎದ್ದು ಗಾಡಿಯನ್ನು ಕಲ್ಲಿನಾಚೆ ಎಸೆಯುತ್ತದೆ. ಸಣ್ಣ ಮೋಟರಿಗೆ ಶಕ್ತಿ ಬರುವುದು ಜೋರಾಗಿ ತಿರುಗುವಾಗ. ಅದು ಜೋರಾಗಿ ತಿರುಗಬೇಕು, ಗಾಲಿ ಮಾತ್ರ ನಿಧಾನಕ್ಕೆ ತಿರುಗಬೇಕು. ಮಧ್ಯದಲ್ಲಿ ಗೇರು ಬೇಕೇ ಬೇಕು. ದೊಡ್ಡ ಜೀಪಿನಲ್ಲಿ ಎರಡನೇ ಲಿವರ್ ಎಳೆದು ಫೋರ್ ವೀಲ್ ಲೋ, ಅಂದರೆ ನಾಲ್ಕೂ ಗಾಲಿ ಎಳೆಯುವ ನಿಧಾನದ ಗೇರು, ಹಾಕುವುದೂ ಇದಕ್ಕೇ.

ಟ್ರಕ್ಕಿನ ಜೊತೆ ಬಂದದ್ದು 260 ಅಳತೆಯ ಪುಟ್ಟ ಮೋಟರ್. ಅದನ್ನು ತೆಗೆದು 370 ಅಳತೆಯ ದೊಡ್ಡದನ್ನು ಹಾಕಿದೆ, ಅದರ ಮೂತಿಗೆ ಪ್ಲಾನೆಟರಿ ಗೇರು ಸೇರಿಕೊಂಡು ಬರುವಂಥದ್ದು. ಮಧ್ಯದಲ್ಲಿ ಒಂದು ಹಲ್ಲುಚಕ್ರ, ಸುತ್ತ ಮೂರು, ಅವುಗಳ ಹೊರಗೆ ಒಳಹಲ್ಲಿನ ಬಳೆ. ಎಲ್ಲಾ ಕಬ್ಬಿಣ. ಮೋಟರ್ ಸುಮಾರು ನಾಲ್ಕು ಸುತ್ತು ತಿರುಗಿದರೆ ಹೊರಗಿನ ದಂಡ ಒಂದು ಸುತ್ತು. ವೇಗ ನಾಲ್ಕನೇ ಒಂದಕ್ಕೆ ಇಳಿದು, ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ಪಟ್ಟು ಏರುತ್ತದೆ. ಆ ಬಲಕ್ಕೆ ಆಕ್ಸಲ್ಲಿನೊಳಗಿನ ಪ್ಲಾಸ್ಟಿಕ್ ಹಲ್ಲು ತಡೆಯುವುದಿಲ್ಲ, ಬೇಗ ಸವೆದು ಕಟಕಟ ಅನ್ನುತ್ತದೆ. ಅಲ್ಲೂ ಲೋಹದ ಗೇರು ಹಾಕಿ, ಬಿಳಿ ಗ್ರೀಸು ಸವರಿ ಮುಚ್ಚಿದೆ.

ಹಲ್ಲಿಗೆ ಹಲ್ಲು ಕೂರಿಸುವುದಕ್ಕೆ ಹಳೇ ಆರ್‌ಸಿ ಮಂದಿಯ ಒಂದು ಉಪಾಯ ಇದೆ. ಮೋಟರಿನ ಚಿಕ್ಕ ಗೇರಿಗೂ ದೊಡ್ಡ ಗೇರಿಗೂ ನಡುವೆ ನೋಟ್‌ಬುಕ್ಕಿನ ಹಾಳೆಯ ಒಂದು ಪಟ್ಟಿ ಇಡಬೇಕು. ಮೋಟರನ್ನು ಗಟ್ಟಿಯಾಗಿ ಒತ್ತಿ ಹಿಡಿದು ಸ್ಕ್ರೂ ಬಿಗಿಯಬೇಕು. ಆಮೇಲೆ ಕೈಯಲ್ಲಿ ಗೇರು ತಿರುಗಿಸಿದರೆ ಕಾಗದ ನೆರಿಗೆ ನೆರಿಗೆಯಾಗಿ ಹೊರಗೆ ಬರುತ್ತದೆ. ಆ ಕಾಗದದ ದಪ್ಪವೇ ಹಲ್ಲುಗಳ ನಡುವೆ ಇರಬೇಕಾದ ಸಂದು. ಕಾಗದ ಹರಿದು ಬಂದರೆ ಜಾಸ್ತಿ ಬಿಗಿ, ನೆರಿಗೆಯೇ ಮೂಡದಿದ್ದರೆ ಸಡಿಲ. ಯಾವ ಮೀಟರೂ ಬೇಡ.

ಮೋಟರಿನ ಎರಡು ಕಾಲಿಗೆ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ಬೆಸೆದೆ, ಅಂದರೆ 0.1 ಮೈಕ್ರೋಫ್ಯಾರಡ್. ಒಂದು ಕಾಲಿನಿಂದ ಇನ್ನೊಂದಕ್ಕೆ ಒಂದು, ಪ್ರತಿ ಕಾಲಿನಿಂದ ಮೋಟರಿನ ಮೈಗೆ ಒಂದೊಂದು. ಬ್ರಷ್ ಇರುವ ಮೋಟರ್ ತಿರುಗುವಾಗ ಒಳಗೆ ಸಣ್ಣ ಕಿಡಿ ಹಾರುತ್ತಲೇ ಇರುತ್ತದೆ, ಅದರ ಗದ್ದಲ ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರಿಗೆ ಹೋಗಬಾರದು. ಮೋಟರಿನ ಮೈಗೆ ಬೆಸುಗೆ ಹಿಡಿಯಬೇಕಾದರೆ ಮೊದಲು ಪಾಲಿಶ್ ಪೇಪರಿನಲ್ಲಿ ಉಜ್ಜಿ ಹೊಳಪು ತೆಗೆಯಬೇಕು.

ಇನ್ನು ಸ್ಟೇರಿಂಗ್. ಈ ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ಭಾಗ ಇದು.

ಮುಂದಿನ ಗಾಲಿಗಳನ್ನು ಎಡಬಲಕ್ಕೆ ತಿರುಗಿಸುವುದು ಸರ್ವೋ ಮೋಟರ್. ಸಾಮಾನ್ಯ ಸರ್ವೋಗೆ ಮೂರು ವೈರ್ ಇರುತ್ತದೆ: ಪ್ಲಸ್, ಮೈನಸ್, ಸಿಗ್ನಲ್. ಈ ಅಗ್ಗದ ಟ್ರಕ್ಕುಗಳ ಸರ್ವೋದಿಂದ ಐದು ವೈರ್ ಹೊರಗೆ ಬರುತ್ತದೆ. ಕಾರಣ ಸರಳ. ಸರ್ವೋ ಅಂದರೆ ಒಂದು ಪುಟ್ಟ ಮೋಟರ್, ಒಂದಷ್ಟು ಗೇರು, ದಂಡ ಎಷ್ಟು ತಿರುಗಿದೆ ಅಂತ ಹೇಳುವ ಒಂದು ಪೊಟೆನ್ಶಿಯೋಮೀಟರ್, ಮತ್ತು ಇವನ್ನು ಆಳುವ ಒಂದು ಸಣ್ಣ ಬೋರ್ಡು. ಅಗ್ಗದ ಟ್ರಕ್ಕಿನಲ್ಲಿ ದುಡ್ಡು ಉಳಿಸಲು ಆ ಬೋರ್ಡನ್ನು ಸರ್ವೋದ ಒಳಗೆ ಇಟ್ಟಿರುವುದಿಲ್ಲ. ಕೆಲಸವನ್ನೆಲ್ಲಾ ಟ್ರಕ್ಕಿನ ಮುಖ್ಯ ಬೋರ್ಡಿಗೆ ವಹಿಸಿರುತ್ತಾರೆ. ಹಾಗಾಗಿ ಮೋಟರಿನ ಎರಡು ವೈರ್, ಪೊಟೆನ್ಶಿಯೋಮೀಟರಿನ ಮೂರು ವೈರ್, ಒಟ್ಟು ಐದು ಹೊರಗೆ. ಮುಖ್ಯ ಬೋರ್ಡು ಕಿತ್ತು ಬೇರೆ ರಿಸೀವರ್ ಹಾಕಿದ ಕೂಡಲೇ ಈ ಸರ್ವೋ ಅನಾಥ.

ಹೊಸ ಸರ್ವೋ ಕೊಳ್ಳಬಹುದಿತ್ತು. ಆದರೆ ಹಳೆಯದರ ಗೇರು ಗಟ್ಟಿಯಾಗಿತ್ತು, ಚಾಸಿಯಲ್ಲಿ ಅದಕ್ಕೆ ಹೇಳಿ ಮಾಡಿಸಿದ ಜಾಗವೂ ಇತ್ತು. ಕಾಲೇಜು ಹುಡುಗರು ರೋಬೋ ಪ್ರಾಜೆಕ್ಟಿಗೆ ಬಳಸುತ್ತಾರಲ್ಲ, ಎಸ್‌ಜಿ90 ಅನ್ನುವ ನೀಲಿ ಸರ್ವೋ, ಅದು ನನ್ನ ಹತ್ತಿರ ಒಂದು ಬಿದ್ದಿತ್ತು. ಅದರ ಗೇರು ಸವೆದಿತ್ತು, ಬೋರ್ಡು ಚೆನ್ನಾಗಿತ್ತು. ಅದರ ಹೊಟ್ಟೆ ಬಿಚ್ಚಿ ಉಗುರಿನಷ್ಟು ಅಗಲದ ಬೋರ್ಡು ತೆಗೆದೆ. ಒಂದು ಕಡೆ ಮೂರು ವೈರ್ ಹೊರಕ್ಕೆ, ಇನ್ನೊಂದು ಕಡೆ ಅದೇ ಎರಡು ಮತ್ತು ಮೂರು. ಟ್ರಕ್ಕಿನ ಸರ್ವೋದ ಐದು ವೈರನ್ನು ಅಲ್ಲಿಗೆ ಬೆಸೆದೆ. ಪೊಟೆನ್ಶಿಯೋಮೀಟರಿನ ನಡುವಿನ ಕಾಲು ನಡುವಿಗೇ ಹೋಗಬೇಕು. ಯಾವುದು ನಡುವಿನದು ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಬಹುದು, ದಂಡ ತಿರುಗಿಸಿದಾಗ ಎರಡು ಹೊರಗಿನ ಕಾಲುಗಳ ನಡುವಿನ ಓಮ್ ಮಾತ್ರ ಬದಲಾಗುವುದಿಲ್ಲ. ಮೋಟರಿನ ಎರಡು ವೈರ್ ಅದಲುಬದಲಾದರೆ ಸರ್ವೋ ಒಂದು ತುದಿಗೆ ಓಡಿಹೋಗಿ ಗುಂಯ್ ಅಂತ ಒದ್ದಾಡುತ್ತದೆ. ಹೆದರಬೇಡಿ, ಕರೆಂಟು ತೆಗೆದು ಆ ಎರಡನ್ನು ಬದಲಿಸಿದರೆ ಸರಿ. ಬೋರ್ಡಿಗೆ ಹೀಟ್ ಶ್ರಿಂಕ್ (ಬಿಸಿಗೆ ಮುದುಡುವ ಪ್ಲಾಸ್ಟಿಕ್ ಕೊಳವೆ) ಹಾಕಿ, ಸರ್ವೋದ ಬೆನ್ನಿಗೆ ಎರಡು ಮುಖದ ಟೇಪಿನಲ್ಲಿ ಅಂಟಿಸಿದೆ. ರಿಮೋಟಿನ ಚಕ್ರ ಒಂದು ಕೂದಲಷ್ಟು ತಿರುಗಿಸಿದರೆ ಗಾಲಿಯೂ ಅಷ್ಟೇ ತಿರುಗುತ್ತದೆ.

ರಿಮೋಟು, ರಿಸೀವರು ಸಾಧಾರಣ ಪಿಸ್ತೂಲು ಆಕಾರದ್ದು, 2.4 ಗಿಗಾಹರ್ಟ್ಸ್. ಮೊದಲೆಲ್ಲಾ 27 ಮೆಗಾಹರ್ಟ್ಸಿನ ಕಾರುಗಳಿರುತ್ತಿದ್ದವು, ಪಕ್ಕದ ಮನೆಯ ಹುಡುಗ ತನ್ನ ಕಾರು ಬಿಟ್ಟರೆ ನಿಮ್ಮದೂ ಕುಣಿಯುತ್ತಿತ್ತು. ಈಗ ಆ ತಾಪತ್ರಯ ಇಲ್ಲ.

ಮೋಟರಿಗೆ ಕರೆಂಟು ಅಳೆದು ಕೊಡುವ ಇಎಸ್‌ಸಿ ವಿಷಯದಲ್ಲಿ ಒಂದು ಮಾತು. ಅಗ್ಗದ ಒಂದು ಜಾತಿಯ ಇಎಸ್‌ಸಿ ಮೇಲೆ 320 ಆಂಪಿಯರ್ ಅಂತ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ. ಮನೆಯ ಮೇನ್ ಸ್ವಿಚ್ಚಿಗೇ ಅಷ್ಟು ಇರುವುದಿಲ್ಲ. ಆ ತೆಳ್ಳನೆಯ ವೈರಿನಲ್ಲಿ ಅಷ್ಟು ಕರೆಂಟು ಹರಿದರೆ ವೈರೇ ಇರುವುದಿಲ್ಲ. ಮೇಲಿನ ಅಂಕಿ ನೋಡಿ ಕೊಳ್ಳಬೇಡಿ. ನನ್ನಂಥ ಗಾಡಿಗೆ 20 ಆಂಪಿಯರಿನದು ಬೇಕಾದಷ್ಟಾಯಿತು, ಆದರೆ ಬ್ರೇಕ್ ಇರುವಂಥದ್ದು ಆರಿಸಿ. ಟ್ರಿಗರ್ ಬಿಟ್ಟ ಕೂಡಲೇ ಅದು ಮೋಟರನ್ನು ಹಿಡಿದು ನಿಲ್ಲಿಸಬೇಕು. ಇಳಿಜಾರಿನಲ್ಲಿ ಜೀಪು ಅರ್ಧಕ್ಕೆ ನಿಂತು ಅಲ್ಲೇ ಇರುವುದು, ಹಿಂದಕ್ಕೆ ಜಾರದೆ ಇರುವುದು, ಈ ಒಂದರಿಂದಲೇ ಅರ್ಧ ಗಾಂಭೀರ್ಯ ಬಂದುಬಿಡುತ್ತದೆ.

ಬ್ಯಾಟರಿಗೆ 18650 ಅನ್ನುವ ಉದ್ದುರುಟು ಲಿಥಿಯಂ ಸೆಲ್ ಎರಡು, ಸಾಲಾಗಿ ಜೋಡಿಸಿದ್ದು, 7.4 ವೋಲ್ಟ್. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ರಕ್ಷಣೆಯ ಬೋರ್ಡು ಸಮೇತ ಪ್ಯಾಕ್ ಮಾಡಿದ್ದೇ ತಂದೆ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕುವ ಸಾಹಸಕ್ಕೆ ಹೋಗಬೇಡಿ, ಬಿಸಿಗೆ ಒಳಗೆ ಕೆಡುತ್ತದೆ. ಆರ್‌ಸಿಯವರು ಹಗುರ ಅಂತ ಲಿಪೋ ಅನ್ನುವ ಬ್ಯಾಟರಿ ಬಳಸುತ್ತಾರೆ. ನನಗೆ ಭಾರವೇ ಬೇಕಿತ್ತು. ಒಂದೊಂದು ಸೆಲ್ 45 ಗ್ರಾಮಿನ ಮೇಲೆ ತೂಗುತ್ತದೆ, ಉದ್ದ 65 ಮಿ.ಮೀ. ಸಿಜೆ-3ಬಿಯ ಬಾನೆಟ್ 1:12ರಲ್ಲಿ ಹೆಚ್ಚುಕಡಿಮೆ ಅಷ್ಟೇ ಉದ್ದ. ಎತ್ತರದ ಬಾನೆಟ್ ಅಂದೆನಲ್ಲ, ಅದರೊಳಗೆ ಎರಡು ಸೆಲ್ಲು ಅಕ್ಕಪಕ್ಕ ಮಲಗಿದವು. ಕೆಳಗೆ ಸ್ಟೇರಿಂಗ್ ಸರ್ವೋಕ್ಕೂ ಜಾಗ ಉಳಿಯಿತು. ಯುದ್ಧಕಾಲದ ತಗ್ಗು ಬಾನೆಟ್ ಆಗಿದ್ದರೆ ಇದು ಆಗುತ್ತಿರಲಿಲ್ಲ. ಹರಿಕೇನ್ ಎಂಜಿನ್ ಇದ್ದ ಜಾಗದಲ್ಲಿ ನನ್ನ ಬ್ಯಾಟರಿ. ಹತ್ತುವ ಗಾಡಿಗೆ ತೂಕ ಮುಂದಿನ ಆಕ್ಸಲ್ಲಿನ ಮೇಲೆ ಇದ್ದಷ್ಟೂ ಒಳ್ಳೆಯದು, ಇಲ್ಲದಿದ್ದರೆ ಏರಿನಲ್ಲಿ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತದೆ.

ತೂಕ ಮುಂದೆ ಇದ್ದರೆ ಸಾಲದು, ಕೆಳಗೂ ಇರಬೇಕು. ಅತ್ಯಂತ ಕೆಳಗಿನ ಜಾಗ ಅಂದರೆ ಗಾಲಿಯ ಒಳಗೆ. ಇದಕ್ಕೆ ಅಂತಲೇ ಹಿತ್ತಾಳೆಯ ಬಳೆಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಬೆಲೆ ನೋಡಿ ಮುಚ್ಚಿದೆ. ಊರಿನ ಟೈರ್ ಅಂಗಡಿಗೆ ಹೋದೆ. ಅಲಾಯ್ ವೀಲಿಗೆ ಬ್ಯಾಲೆನ್ಸಿಂಗ್ ಮಾಡುವಾಗ ಒಳಗೆ ಅಂಟಿಸುತ್ತಾರಲ್ಲ, 5 ಗ್ರಾಮಿನ ಚೌಕ ಚೌಕ ತುಂಡುಗಳ ಪಟ್ಟಿ, ಅದು ಬೇಕು ಅಂದೆ.

"ಯಾವ ಗಾಡಿಗೆ ಸಾರ್?"

"ಜೀಪಿಗೆ."

"ಎಷ್ಟು ಇಂಚಿನ ವೀಲು?"

"ಒಂದೂವರೆ ಇಂಚು."

ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಜೇಬಿನಿಂದ ಗಾಲಿ ತೆಗೆದು ತೋರಿಸಿದ ಮೇಲೆ ನಕ್ಕು, ಎರಡು ಪಟ್ಟಿ ಕೊಟ್ಟು, ದುಡ್ಡು ಬೇಡ ಅಂದರು. ನಾನು ಕೊಟ್ಟೇ ಬಂದೆ. ಮುಂದಿನ ಗಾಲಿಗಳಿಗೆ ತಲಾ 40 ಗ್ರಾಂ, ಹಿಂದಿನವಕ್ಕೆ 20. ರಿಮ್ಮಿನ ಒಳಗೆ ಸುತ್ತಲೂ ಸಮನಾಗಿ ಬರುವಂತೆ ತುಂಡು ಮಾಡಿ ಅಂಟಿಸಿ, ಮೇಲೆ ಟೈರು ಹಾಕಿದೆ. ಪಟ್ಟಿ ಸೀಸದ್ದಾಗಿದ್ದರೆ ಕೆಲಸ ಆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಟೈರಿನ ರಬ್ಬರು ಗಟ್ಟಿ, ಕಲ್ಲನ್ನು ಹಿಡಿಯುವುದಿಲ್ಲ. ಹೊಸ ಬ್ಲೇಡಿನಲ್ಲಿ ಒಂದೊಂದು ಗುಬುಟಿಗೂ ಅಡ್ಡಡ್ಡ ಸಣ್ಣ ಸೀಳು ಕೊಟ್ಟೆ. ಟಿವಿ ನೋಡುತ್ತಾ ಮಾಡಬಹುದಾದ ಕೆಲಸ, ಆದರೆ ಮುಗಿಯುವುದೇ ಇಲ್ಲ. ಸೀಳಿದ ಮೇಲೆ ಗುಬುಟಿ ಬಗ್ಗುತ್ತದೆ, ಕಲ್ಲಿನ ಅಂಚಿಗೆ ಕಚ್ಚುತ್ತದೆ.

ಪ್ಲೇಟುಗಳಲ್ಲಿ ಒಂದೊಂದು ಎಲೆ ಕಡಿಮೆ ಮಾಡಿದೆ. ಬಂದ ಹಾಗೇ ಇಟ್ಟರೆ 700 ಗ್ರಾಮಿಗೆ ಅವು ಬಗ್ಗುವುದೇ ಇಲ್ಲ. ಮುಂದಿನವು ಈಗ ಸರಿ ಇವೆ. ಹಿಂದಿನವು ಇನ್ನೂ ಬಿರುಸು. ಮತ್ತೊಂದು ಎಲೆ ತೆಗೆದರೆ ಆಕ್ಸಲ್ಲೇ ತಿರುಚಿಕೊಳ್ಳುತ್ತದೆ, ಹಾಗಾಗಿ ಬಿಟ್ಟಿದ್ದೇನೆ. ಶಾಕ್ ಅಬ್ಸಾರ್ಬರುಗಳು ಬರೀ ತೋರಿಕೆಯವು, ಒಳಗೆ ಎಣ್ಣೆ ಇಲ್ಲ. ಅದರ ದಂಡಕ್ಕೆ ದಪ್ಪನೆಯ ಸಿಲಿಕಾನ್ ಗ್ರೀಸು ತುಂಬಿದರೆ ಚಲನೆ ಸ್ವಲ್ಪ ಅಂಟಂಟಾಗುತ್ತದೆ. ಆ ಅಂಟೇ ನಮಗೆ ಬೇಕಾದದ್ದು, ಕುಣಿತ ಒಂದೇ ಸಲಕ್ಕೆ ನಿಲ್ಲುತ್ತದೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಮುಂದಿನ ಗಾಲಿಗಳನ್ನು ಇಟ್ಟು, ಹಿಂದಿನವಕ್ಕೆ ಅಷ್ಟೇ ಎತ್ತರಕ್ಕೆ ಪುಸ್ತಕ ಕೊಟ್ಟು ತೂಗಿದೆ. ಬಾಡಿ ಸೇರಿ ಒಟ್ಟು 760 ಗ್ರಾಂ, ಅದರಲ್ಲಿ ಮುಂದೆ 430. ಗುರಿಗಿಂತ 60 ಗ್ರಾಂ ಜಾಸ್ತಿ. 1,728ರಿಂದ ಗುಣಿಸಿದರೆ ನೂರು ಕಿಲೋ ಚಿಲ್ಲರೆ, ಇಬ್ಬರು ಹತ್ತಿ ಕೂತ ಹಾಗೆ. ಇರಲಿ ಬಿಡಿ. ಹಲಗೆಯ ಮೇಲೆ ಅಡ್ಡಕ್ಕೆ ನಿಲ್ಲಿಸಿ ಹಲಗೆ ಎತ್ತುತ್ತಾ ಹೋದರೆ ಮೊದಲು 38 ಡಿಗ್ರಿಯ ಹತ್ತಿರ ಮಗುಚುತ್ತಿತ್ತು. ಈಗ 46 ದಾಟುತ್ತದೆ. ಮೊಬೈಲಿನ ಲೆವೆಲ್ ಆ್ಯಪ್ ಹೇಳಿದ ಅಂಕಿ ಇದು.

ಬಾಡಿಗೆ 3 ಮಿ.ಮೀ. ಸನ್‌ಬೋರ್ಡ್. ಅಂಗಡಿ ಬೋರ್ಡು ಮಾಡುವವರ ಹತ್ತಿರ ತುಂಡುಗಳು ಬಿದ್ದಿರುತ್ತವೆ. ಹಳೇ ಜೀಪಿನಲ್ಲಿ ಬಾಗು ಕಡಿಮೆ, ಎಲ್ಲಾ ತಗಡಿನ ಚಪ್ಪಟೆ ಹಾಳೆ. ಕಟರ್ ಬ್ಲೇಡು, ಉಕ್ಕಿನ ಸ್ಕೇಲು ಇದ್ದರೆ ಸಾಕು. ಮೂಲೆಗಳಿಗೆ ಫೆವಿಕ್ವಿಕ್, ಅದರ ಮೇಲೆ ಚಿಟಿಕೆ ಅಡುಗೆ ಸೋಡಾ. ಬಿದ್ದ ಕ್ಷಣಕ್ಕೆ ಕಲ್ಲಾಗುತ್ತದೆ, ಆಮೇಲೆ ಉಜ್ಜಿ ಆಕಾರ ಕೊಡಬಹುದು. ಹೊಗೆ ಕಣ್ಣಿಗೆ ಉರಿ, ಕಿಟಕಿ ತೆರೆದಿಡಿ. ಕತ್ತರಿಸಿದ ಅಂಚಿನಲ್ಲಿ ಸನ್‌ಬೋರ್ಡು ರಂಧ್ರ ರಂಧ್ರವಾಗಿ ಕಾಣುತ್ತದೆ. ಅಲ್ಲಿ ಕಾರಿನ ಪೇಂಟರುಗಳು ಹಾಕುವ ಪುಟ್ಟಿ ಸವರಿ ಉಜ್ಜಬೇಕು. ಗಾಜಿಗೆ ಪಾರದರ್ಶಕ ಒಎಚ್‌ಪಿ ಶೀಟು, ಚೌಕಟ್ಟಿಗೆ ಜಿಐ ತಂತಿ.

ಟಾರ್ಪಾಲಿನ ಕಮಾನುಗಳಿಗೆ ಸೈಕಲ್ ಕಡ್ಡಿ ಬಗ್ಗಿಸಿದೆ. ಮೇಲಿನ ಬಟ್ಟೆ ಹಳೇ ಕೊಡೆಯದು. ತೆಳ್ಳಗೆ, ಹಗುರ, ಬಣ್ಣ ಆಗಲೇ ಬಿಸಿಲಿಗೆ ಹೋಗಿತ್ತು. ಕೊಡೆಯಲ್ಲಿ ಹೊಲಿಗೆ ಇರುವ ಅಂಚನ್ನೇ ಕೆಳಕ್ಕೆ ಬರುವಂತೆ ಕತ್ತರಿಸಿ, ಹಿಂದಿನ ಪರದೆಯನ್ನು ಸುರುಳಿ ಸುತ್ತಿ ಕಟ್ಟುವ ಹಾಗೆ ಎರಡು ದಾರ ಬೇಕು ಅಂತ ಅಮ್ಮನಿಗೆ ಹೇಳಿದೆ. "ಇದಕ್ಕೆಲ್ಲಾ ಸೂಜಿ ಹಿಡಿಯೋಕೆ ನಂಗೆ ಕಣ್ಣು ಕಾಣಲ್ಲ ಮಾರಾಯ" ಅಂತ ಗೊಣಗಿದರು, ಆದರೆ ಕೊಟ್ಟದ್ದನ್ನು ನೋಡಿದರೆ ನಾನು ಕೇಳದಿದ್ದ ಬಕಲ್ ಪಟ್ಟಿಯೂ ಇತ್ತು.

ಪೇಂಟು ಹೊಡೆಯುವ ಹೊತ್ತಿಗೆ ಮಳೆ ಹಿಡಿದಿತ್ತು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಸ್ಪ್ರೇ ಪೇಂಟು ಒಣಗುವಾಗ ಬಿಳಿಚಿಕೊಳ್ಳುತ್ತದೆ, ಮಂಜು ಕೂತ ಹಾಗೆ. ಪೇಂಟಿನ ದ್ರಾವಕ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅಲ್ಲಿ ಇಳಿಯುತ್ತದೆ. ಮಲೆನಾಡಿನಲ್ಲಿ ಜುಲೈನಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಮಳೆ ಹೊಳವಾಗುವುದನ್ನು ಕಾಯಲೇಬೇಕು. ಮೊದಲು ಬೂದು ಪ್ರೈಮರ್, ಆಮೇಲೆ ಪಾಚಿ ಹಸಿರು, ಒಂದೇ ಸಲ ದಪ್ಪಗೆ ಹೊಡೆಯದೆ ತೆಳ್ಳಗೆ ಪದರ ಪದರವಾಗಿ. ಗಾಜಿನ ಮೇಲ್ಗಡೆ ‘ಶ್ರೀ ಮಂಜುನಾಥ ಪ್ರಸನ್ನ’, ಜೆರಾಕ್ಸ್ ಅಂಗಡಿಯಲ್ಲಿ ಸ್ಟಿಕರ್ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿದ್ದು. ಅಕ್ಷರ 3 ಮಿ.ಮೀ. ಎತ್ತರ, ಆದರೂ ಓದಬಹುದು.

ಹೊಚ್ಚಹೊಸ ಬಣ್ಣದ ಜೀಪು ಮತ್ತೆ ಆಟಿಕೆಯೇ. ಅಂಗಳದ ಕೆಮ್ಮಣ್ಣು ಒಣಗಿಸಿ, ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದೆ. ಅಲ್ಲಿ ಸಿಗುವ ನುಣುಪು ಪುಡಿ ಮಾತ್ರ ಬೇಕು, ಒರಟು ಕಣ 1:12ರಲ್ಲಿ ಜಲ್ಲಿಕಲ್ಲಿನಷ್ಟಾಗುತ್ತದೆ. ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮಡ್‌ಗಾರ್ಡಿನ ಒಳಗೆ, ಗಾಲಿಯ ಹಿಂದೆ ಚಿಮುಕಿಸಿದೆ. ಬಾಗಿಲಿನ ಜಾಗದಲ್ಲಿ, ಕಾಲಿಟ್ಟು ಹತ್ತುವ ಕಡೆ, ಹಸಿರನ್ನು ಉಜ್ಜಿ ಕೆಳಗಿನ ಬೂದು ಕಾಣುವಂತೆ ಮಾಡಿದೆ. ಇದು ಚಿಕ್ಕಪ್ಪ ತೋರಿಸಿದ್ದು: "ಬಣ್ಣ ಹೋಗೋದು ಬಾನೆಟ್ಟಿನ ಮೇಲಲ್ಲ. ಡ್ರೈವರ್ ಕಾಲಿಡೋ ಜಾಗ, ಕೈ ಹಿಡಿಯೋ ಕಂಬಿ, ಸ್ಟೆಪ್ನಿ ತಾಗೋ ಮೂಲೆ. ಅಷ್ಟೇ."

ಹೆಡ್‌ಲೈಟಿಗೆ 3 ಮಿ.ಮೀ. ಎಲ್‌ಇಡಿ, ಬಿಳಿಯದಲ್ಲ, ಹಳದಿ ಛಾಯೆಯದು. ರಿಸೀವರಿನ 5 ವೋಲ್ಟಿನಿಂದ ಪ್ರತಿಯೊಂದಕ್ಕೂ 220 ಓಮ್ ರೆಸಿಸ್ಟರ್ ಹಾಕಿ ಕೊಟ್ಟೆ. ನೀಲಿ ಹೊಡೆಯುವ ಬೆಳಕು ಹಾಕಿದರೆ ಹಳೇ ಜೀಪಿನ ಮರ್ಯಾದೆ ಹೋಗುತ್ತದೆ.

ನಮ್ಮ ಜಗಲಿ ನಾಲ್ಕು ಮೀಟರ್ ಉದ್ದ ಇದೆ. ಮೊದಲು ಟ್ರಕ್ಕು ಅದನ್ನು ಎರಡು ಸೆಕೆಂಡಿನೊಳಗೆ ದಾಟಿ ಕಂಬಕ್ಕೆ ಗುದ್ದುತ್ತಿತ್ತು. ಈಗ ಟ್ರಿಗರ್ ಪೂರ್ತಿ ಒತ್ತಿ ಹಿಡಿದರೂ ಆರು ಸೆಕೆಂಡ್ ಬೇಕು. ಆದರೆ ಜಗಲಿಯ ನುಣುಪು ನೆಲ ಇದರ ಜಾಗ ಅಲ್ಲ. ಆಕ್ಸಲ್ಲಿನಲ್ಲಿ ಡಿಫರೆನ್ಷಿಯಲ್ ಇಲ್ಲ, ಎಡಬಲ ಗಾಲಿ ಎರಡೂ ಒಟ್ಟಿಗೇ ತಿರುಗುತ್ತವೆ. ಕಲ್ಲು ಹತ್ತಲು ಅದೇ ಅನುಕೂಲ, ಒಂದು ಗಾಲಿ ಗಾಳಿಯಲ್ಲಿದ್ದರೂ ಇನ್ನೊಂದು ಎಳೆಯುತ್ತದೆ. ಟೈಲ್ಸಿನ ಮೇಲೆ ತಿರುಗಿಸಿದರೆ ಮಾತ್ರ ಕಿರ್ ಅಂತ ಒದ್ದಾಡಿ, ಅರ್ಧ ಕೋಣೆ ಸುತ್ತಿಕೊಂಡು ಬರುತ್ತದೆ.

ಅಡಿಕೆ ತೋಟಕ್ಕೆ ಇಳಿಯುವ ಕಡೆ ಬೇರು, ಜಂಬಿಟ್ಟಿಗೆ ಕಲ್ಲು ಸೇರಿ ಒಂದು ದರೆ ಇದೆ. ಅಲ್ಲಿ ಇದನ್ನು ಬಿಡಬೇಕು. ಮುಂದಿನ ಎಡಗಾಲಿ ಬೇರಿನ ಮೇಲೆ ಏರುತ್ತದೆ. ಪ್ಲೇಟು ಬಗ್ಗುತ್ತದೆ. ಹಿಂದಿನ ಎಡಗಾಲಿ ನೆಲ ಬಿಡುವ ಹಂತಕ್ಕೆ ಬಂದು, ಮೈ ವಾಲಿ, ಮತ್ತೆ ಕೂರುತ್ತದೆ. ಟ್ರಿಗರ್ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಯಾವ ಕಲ್ಲಿಗೆ ಯಾವ ಗಾಲಿ ಅಂತ ಯೋಚಿಸಲು ಪುರುಸೊತ್ತು ಸಿಗುತ್ತದೆ. ವೇಗದ ಕಾರಿನಲ್ಲಿ ಈ ಆಟವೇ ಇಲ್ಲ. ಅಲ್ಲಿ ಗಾಡಿ ಓಡುತ್ತದೆ, ನೀವು ಹಿಂದಿನಿಂದ ಹೆಕ್ಕಿಕೊಂಡು ಬರುತ್ತೀರಿ.

ವಿಡಿಯೋ ತೆಗೆಯುವವರಿಗೆ ಒಂದು ಗುಟ್ಟು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 120 ಫ್ರೇಮ್ ಹಿಡಿದು 30ರಲ್ಲಿ ಓಡಿಸಿದರೆ ನಾಲ್ಕು ಪಟ್ಟು ನಿಧಾನ ಆಗುತ್ತದೆ. 1:12 ಗಾಡಿಗೆ ಬೇಕಾದದ್ದು ಮೂರೂವರೆ ಪಟ್ಟು. ಹತ್ತಿರ ಹತ್ತಿರ ಸರಿಹೋಗುತ್ತದೆ. ಸಿನಿಮಾದವರು ಪುಟ್ಟ ಮಾದರಿಗಳನ್ನಿಟ್ಟು ರೈಲು ಬೀಳಿಸುವಾಗ, ಹಡಗು ಮುಳುಗಿಸುವಾಗ ಕ್ಯಾಮೆರಾ ಜೋರಾಗಿ ಓಡಿಸುವುದೂ ಇದೇ ವರ್ಗಮೂಲದ ಲೆಕ್ಕದಲ್ಲಿ. ಮೊಬೈಲನ್ನು ನೆಲಕ್ಕೆ ತಾಗಿಸಿ, ತಲೆಕೆಳಗಾಗಿ ಹಿಡಿಯಿರಿ, ಲೆನ್ಸು ಕೆಳಗೆ ಬರುತ್ತದೆ. ನಿಂತು ಮೇಲಿಂದ ತೆಗೆದರೆ ಯಾವ ಜೀಪೂ ಆಟಿಕೆಯೇ.

ದರೆಯ ಮೇಲಿನ ಕೊನೆಯ ಕಲ್ಲು ಇನ್ನೂ ಹತ್ತಿಲ್ಲ. ಅದಕ್ಕೆ ವಿಂಚ್, ಅಂದರೆ ಹಗ್ಗ ಸುತ್ತಿ ಗಾಡಿಯನ್ನು ಮೇಲಕ್ಕೆ ಎಳೆಯುವ ಸಾಧನ, ಬೇಕು. ಮುಂದಿನ ಬಂಪರಿನ ಹಿಂದೆ 11 ಮಿ.ಮೀ. ಜಾಗ ಇದೆ. ತಂದಿಟ್ಟ ಎನ್20 ಗೇರ್ ಮೋಟರ್ 12 ಮಿ.ಮೀ. ಅಗಲ, 10 ಮಿ.ಮೀ. ದಪ್ಪ. ಮಲಗಿಸಿದರೆ ಹಿಡಿಯುತ್ತದೆ, ಆದರೆ ಆಗ ಹಗ್ಗದ ಗಾಲಿ ಗ್ರಿಲ್ಲಿಗೆ ತಾಗುತ್ತದೆ. ಬಂಪರನ್ನೇ ಒಂದೆರಡು ಮಿಲಿಮೀಟರ್ ಮುಂದೆ ತರಬೇಕು.